ಮುಳಗಾಯಿ, ಮುಳುಗಡೆ ಮತ್ತು ಕಾಕಾನ ಲೆಕ್ಕ

(ಬಾಗಲಕೋಟೆಯ ನವನಗರದಲ್ಲಿ ಗೆಳೆಯರು ಸೇರಿ ಇಟ್ಟುಕೊಂಡಿದ್ದ ಸಂಜೆಯ ಕೂಟದಲ್ಲಿ ಆಡಿದ ಮಾತು. ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿ ಬರೆದಿದ್ದೇನೆ. ದಾರಿ ತಪ್ಪಿದ ಕಡೆ ಸ್ವಲ್ಪ ತಿದ್ದಿದ್ದೇನೆ, ಜಾಸ್ತಿ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಉಂಡ ಮನೆಯ ಜಂತೆ ಎಣಿಸಬಾರದು ಅಂತ ಹಿರಿಯರು ಹೇಳಿದ್ದಾರೆ. ನಾನು ಇವತ್ತು ಅದನ್ನೇ ಮಾಡಲು ನಿಂತಿದ್ದೇನೆ. ಹನ್ನೆರಡು ವರ್ಷ ಉಂಡ ಖಾನಾವಳಿಯ ಜಂತೆ, ರೊಟ್ಟಿ, ಬಕೆಟ್ಟು ಎಲ್ಲ ಎಣಿಸುತ್ತೇನೆ. ಅದರ ಮಾಲಕರು ಬೇಸರ ಮಾಡಿಕೊಳ್ಳುವುದಿಲ್ಲ. ಕಾಲೇಜಿನಲ್ಲಿ ಕಾಮರ್ಸ್ ಓದಿದ್ದೇನೆ ಅಂತ ಹೆಸರು, ಎಣಿಸುವುದನ್ನು ಕಲಿತದ್ದು ಅವರ ಗಲ್ಲೆಯ ಮುಂದೆ ನಿಂತು.

ಹೆಸರು ಹೇಳಬೇಡ ಅಂತ ಅವರು ಮೊದಲೇ ತಾಕೀತು ಮಾಡಿದ್ದಾರೆ. ಹಾಗಾಗಿ ಕಾಕಾ ಅಂತಲೇ ಕರೆಯುತ್ತೇನೆ. ನಾವೆಲ್ಲ ಕರೆದದ್ದೂ ಹಾಗೆಯೇ. ನಿಮ್ಮಲ್ಲಿ ಅರ್ಧ ಮಂದಿಗೆ ಯಾರು ಅಂತ ಈಗಾಗಲೇ ಗೊತ್ತಾಗಿದೆ, ಮುಖ ನೋಡಿದರೆ ತಿಳಿಯುತ್ತದೆ.

ನನ್ನನ್ನು ಕರೆದವರು ಹಿಂದಿನ ಬ್ಯಾನರಿನಲ್ಲಿ ‘ಅನ್ನದಾತ’ ಅಂತ ಬರೆಸಿದ್ದಾರೆ. ಬ್ಯಾನರ್ ಚೆನ್ನಾಗಿದೆ. ಕಾಕಾ ಮಾತ್ರ ಒಪ್ಪುವ ಪೈಕಿ ಅಲ್ಲ. ಒಮ್ಮೆ ಯಾರೋ ಗಿರಾಕಿ ಹೊಟ್ಟೆ ತುಂಬಿದ ಖುಷಿಯಲ್ಲಿ, ‘ಕಾಕಾ, ನೀವು ಮಾಡೂದು ದಾಸೋಹ ಬಿಡ್ರಿ’ ಅಂದ. ಕಾಕಾ ತಲೆ ಎತ್ತದೆ ಹೇಳಿದರು: ‘ದಾಸೋಹ ಕೂಡಲಸಂಗಮದಾಗ ಐತ್ರಿ. ಬಸ್ ಸಿಗತಾವ. ಇಲ್ಲೆ ಯಾಪಾರ. ರೊಕ್ಕಾ ತಗೀರಿ.’

ನಾನು ಇವತ್ತು ಆ ಯಾಪಾರದ ಬಗ್ಗೆಯೇ ಮಾತಾಡುತ್ತೇನೆ. ಒಬ್ಬ ಮನುಷ್ಯನನ್ನು ಊರು ಇಷ್ಟಪಟ್ಟರೆ ಸಾಕು, ನಾವು ತಕ್ಷಣ ಅವನನ್ನು ಸಂತ ಮಾಡಿಬಿಡುತ್ತೇವೆ. ಅವನು ತನ್ನ ಕಸುಬನ್ನು ಎಷ್ಟು ಬಿಗಿಯಾಗಿ ಮಾಡಿದ ಅಂತ ಯಾರೂ ಕೇಳುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

1984ರಲ್ಲಿ ನಾನು ಹುನಗುಂದ ಕಡೆಯ ಹಳ್ಳಿಯಿಂದ ಕಾಲೇಜಿಗೆ ಬಾಗಲಕೋಟೆಗೆ ಬಂದೆ. ಆಗ ಇದು ವಿಜಾಪುರ ಜಿಲ್ಲೆಯ ಒಂದು ತಾಲೂಕು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹಳೇ ಊರಿನಲ್ಲಿ ಮೂವರು ಹುಡುಗರು ಸೇರಿ ಒಂದು ರೂಮು ಹಿಡಿದಿದ್ದೆವು. ಊಟ ಊರಿನಿಂದಲೇ ಬರುತ್ತಿತ್ತು, ಬಸ್ಸಿನಲ್ಲಿ. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ಅವ್ವ ಬೆಳಗಿನ ಬಸ್ಸಿಗೆ ಡಬ್ಬಿ ಕೊಟ್ಟು ಕಳಿಸುವಳು. ರೊಟ್ಟಿ, ಪಲ್ಯ, ಹಿಂಡಿ ಅಂದರೆ ಚಟ್ನಿಪುಡಿ, ಮೇಲೊಂದು ಬಟ್ಟೆ ಗಂಟು. ಬಸ್ ಸ್ಟ್ಯಾಂಡಿನಲ್ಲಿ ನಾವು ಕಾದು ನಿಂತಿರುತ್ತಿದ್ದೆವು. ಹಳ್ಳಿ ಹಳ್ಳಿಯ ಡಬ್ಬಿಗಳು ಒಂದರ ಮೇಲೊಂದು ಇಳಿಯುತ್ತಿದ್ದವು. ಸುಣ್ಣದಲ್ಲೋ ಎಣ್ಣೆ ಬಣ್ಣದಲ್ಲೋ ಹೆಸರು ಬರೆದಿರುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಎಷ್ಟು ಡಾಕ್ಟರು, ಇಂಜಿನಿಯರು, ತಹಶೀಲ್ದಾರರು ಈ ಬಸ್ಸಿನ ಡಬ್ಬಿಯ ಮೇಲೆ ಓದಿದ್ದಾರೋ ಲೆಕ್ಕ ಇಟ್ಟವರಿಲ್ಲ.

ಬಸ್ಸು ಕೆಟ್ಟ ದಿನ ಡಬ್ಬಿ ಇಲ್ಲ. ಅಂಥದೊಂದು ದಿನ ಕಾಕಾನ ಖಾನಾವಳಿಯ ಮೆಟ್ಟಿಲು ಹತ್ತಿದೆ. ಆಮೇಲೆ ಡಿಗ್ರಿ ಮುಗಿದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. 1996ರಲ್ಲಿ ಮದುವೆ ಆಗುವ ತನಕ ಎರಡು ಹೊತ್ತೂ ಅಲ್ಲೇ.

ಖಾನಾವಳಿ ಅಂದರೆ ಹೋಟೆಲ್ ಅಲ್ಲ, ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಚಹಾ, ಚುರುಮುರಿ, ಮಿರ್ಚಿ ಬೇಕಾದರೆ ಹೋಟೆಲಿಗೆ ಹೋಗುತ್ತೇವೆ. ಊಟಕ್ಕೆ ಖಾನಾವಳಿ. ಮೆನು ಕೇಳುವಂತಿಲ್ಲ. ಕುಂತರೆ ತಾಟು ಬರುತ್ತದೆ. ಕಾಕಾನದು ನಾಲ್ಕು ಬೆಂಚು, ಕಡಪ ಕಲ್ಲಿನ ಉದ್ದನೆಯ ಮೇಜು, ಮೂಲೆಯಲ್ಲಿ ಕೈ ತೊಳೆಯಲು ತಾಮ್ರದ ಹಂಡೆ. ಒಳಗೆ ಒಲೆ, ಹೊರಗೆ ಗಲ್ಲೆ. ಅಷ್ಟೇ.

ಬೋರ್ಡಿನ ಮೇಲೆ ಕಾಕಾನ ಹೆಸರಿತ್ತು. ಹಿಟ್ಟಿನ ವಿಷಯದಲ್ಲಿ ಅವರ ಮಾತಿಗೆ ಕಿಮ್ಮತ್ತು ಇರಲಿಲ್ಲ. ಅದು ಕಾಕು, ಅಂದರೆ ಕಾಕಾನ ಹೆಂಡತಿಯ ರಾಜ್ಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಅವಸರ ಮಾಡಬೇಡಿ.

ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಲಟ್ಟಿಸಬಹುದು. ಜೋಳಕ್ಕೆ ಕುದಿಯುವ ಎಸರು ಬೇಕು. ಎಸರು ಬಿದ್ದಾಗ ಹಿಟ್ಟು ಅರೆಬೆಂದು ಜಿಗಿ ಬಿಡುತ್ತದೆ. ಆ ಜಿಗಿ ಇದ್ದರೆ ರೊಟ್ಟಿ, ಇಲ್ಲದಿದ್ದರೆ ಚೂರು. ಹಿಟ್ಟು ಹಳೆಯದಾದಷ್ಟೂ ಜಿಗಿ ಕಮ್ಮಿ. ಬಡಿಯುವಾಗ ಅಂಚು ಸೀಳುತ್ತದೆ, ಹಂಚಿನ ಮೇಲೆ ಉಬ್ಬುವುದಿಲ್ಲ. ಅದಕ್ಕೇ ಕಾಕು ಎರಡು ದಿನಕ್ಕೊಮ್ಮೆ ಹಿಟ್ಟು ಬೀಸಿಸುತ್ತಿದ್ದರು. ಗಿರಣಿಯಿಂದ ಡಬ್ಬ ಬಂದ ಕೂಡಲೇ ಒಂದು ಚಿಟಿಕೆ ತೆಗೆದು ಎರಡು ಬೆರಳಿನ ನಡುವೆ ತಿಕ್ಕುವರು. ಗೋಧಿ ಬೀಸಿದ ಮೇಲೆ ಕಲ್ಲು ಬಿಡಿಸದೆ ಜೋಳ ಹಾಕಿದ್ದರೆ ಅವರಿಗೆ ತಿಳಿದುಬಿಡುತ್ತಿತ್ತು. ಡಬ್ಬ ಹಾಗೇ ವಾಪಸ್. ಗಿರಣಿಯವನು ಕಾಕಾನಿಗೆ ಹೆದರುತ್ತಿರಲಿಲ್ಲ, ಕಾಕುವಿಗೆ ಹೆದರುತ್ತಿದ್ದ.

ಜೋಳವೂ ಸಿಕ್ಕ ಸಿಕ್ಕದ್ದು ಆಗುವುದಿಲ್ಲ. ಹಿಂಗಾರಿ ಬಿಳಿಜೋಳವೇ ಬೇಕು. ಮಾಲದಂಡಿ ಅಂತ ಎಲ್ಲರೂ ಕೇಳಿದ್ದೀರಿ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ತೆಗೆದ ಎಂ 35-1 ತಳಿ ಅಂದರೆ ಇದೇ. ಎಷ್ಟೋ ಹೈಬ್ರಿಡ್ ಬಂದು ಹೋದವು, ಇದು ಇನ್ನೂ ನಮ್ಮ ಹೊಲದಲ್ಲಿದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಆಮೇಲೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣು, ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆ ನಿಲ್ಲಬೇಕು. ಮುಂಗಾರಿ ಜೋಳಕ್ಕೆ ತೆನೆ ಮೇಲೆ ಮಳೆ ಬಿದ್ದು ಕಾಳು ಕಪ್ಪಾಗುವುದುಂಟು. ಹಿಂಗಾರಿಗೆ ಆ ಕಾಟ ಕಮ್ಮಿ, ಕಾಳು ಮುತ್ತಿನ ಹಾಗೆ ಬರುತ್ತದೆ. ಸುಗ್ಗಿಯಾದ ಮೇಲೆ ಕಾಕಾ ಒಂದು ವರ್ಷದ ಜೋಳ ಒಮ್ಮೆಗೇ ಕೊಂಡು ಅಟ್ಟಕ್ಕೆ ಹಾಕಿಸುತ್ತಿದ್ದರು. ಮಳೆಗಾಲದಲ್ಲಿ ಧಾರಣೆ ಏರಿದಾಗ ಬೇರೆ ಖಾನಾವಳಿಯ ರೊಟ್ಟಿ ಸಣ್ಣದಾಗುತ್ತಿತ್ತು. ಕಾಕಾನದು ಆಗುತ್ತಿರಲಿಲ್ಲ.

ರೊಟ್ಟಿ ಬಡಿಯಲು ಓಣಿಯ ಮೂವರು ಹೆಣ್ಣುಮಕ್ಕಳು ಬರುತ್ತಿದ್ದರು. ಅವರಿಗೆ ದಿನದ ಪಗಾರ. ಸುಮ್ನೆ ಒಂದು ಸಲ ನಾನು ಜಾಣತನ ತೋರಿಸಲು ಹೋದೆ. ‘ಕಾಕಾ, ರೊಟ್ಟಿಗೆ ಇಷ್ಟು ಅಂತ ಎಣಿಸಿ ಕೊಟ್ಟರೆ ಕೆಲಸ ಜಲ್ದಿ ಆಗ್ತದ ಅಲ್ಲೇನ್ರಿ?’ ಅಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ‘ಎಣಿಸಿ ಕೊಟ್ರ ರೊಟ್ಟಿ ದಪ್ಪ ಆಗ್ತಾವಲೇ ತಮ್ಮಾ. ದಪ್ಪ ರೊಟ್ಟಿ ಜಲ್ದಿ ಬಡೀಬೌದು. ತೆಳ್ಳಗ ಬೇಕಂದ್ರ ದಿನದ ಪಗಾರಾನ ಕೊಡಬೇಕು.’ ಬಿ.ಕಾಂ. ಮೂರು ವರ್ಷದಲ್ಲಿ ಯಾವ ಮಾಸ್ತರರೂ ಇದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಇನ್ನು ತಾಟು. ಮೊದಲು ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಅಂಚಿಗೆ ರಂಜಕ, ಅಂದರೆ ಕೆಂಪು ಮೆಣಸಿನಕಾಯಿಯ ಚಟ್ನಿ, ಅದರ ಮೇಲೆ ಒಂದು ಚಮಚ ಎಣ್ಣೆ. ಹಸಿ ಮೆಂತೆ ತೊಪ್ಪಲು, ಮೂಲಂಗಿ, ಉಳ್ಳಾಗಡ್ಡಿ. ಒಂದು ವಾಟಿ ಕಾಳು ಪಲ್ಯ, ಒಂದು ವಾಟಿ ಎಣ್ಣೆಗಾಯಿ. ವಾರಕ್ಕೆರಡು ಸಲ ಪುಂಡಿ ಪಲ್ಯ, ಜೋಳದ ನುಚ್ಚು ಹಾಕಿ ಬೇಯಿಸಿದ್ದು. ಗಟ್ಟಿ ಮೊಸರು. ರೊಟ್ಟಿ ಹೊಟ್ಟೆ ತುಂಬ. ಅಂದರೆ ಎಷ್ಟು ತಿಂದರೂ ಒಂದೇ ರೇಟು.

ಈ ‘ಹೊಟ್ಟೆ ತುಂಬ’ ಎಂಬ ಮಾತು ಇದೆಯಲ್ಲ, ಅದರಲ್ಲಿ ಎಷ್ಟೋ ಖಾನಾವಳಿಗಳು ಮುಳುಗಿವೆ. ಎರಡೇ ರೊಟ್ಟಿ ತಿನ್ನುವ ಬ್ಯಾಂಕಿನ ಗುಮಾಸ್ತನೂ ಅದೇ ಬೆಂಚಿನ ಮೇಲೆ, ಎಂಟು ರೊಟ್ಟಿಯ ಹಮಾಲನೂ ಅದೇ ಬೆಂಚಿನ ಮೇಲೆ. ಹಮಾಲನ ಹೊಟ್ಟೆಯನ್ನು ಗುಮಾಸ್ತ ತುಂಬಿಸುತ್ತಾನೆ, ಅವನಿಗೆ ಗೊತ್ತಿಲ್ಲದೆ. ಹಾಗಾಗಿ ಕಾಕಾನಿಗೆ ಇಬ್ಬರೂ ಬೇಕು. ಬರೀ ಗುಮಾಸ್ತರು ಬಂದರೆ ಲಾಭ ಜಾಸ್ತಿ ಅಲ್ವಾ ಅಂತ ನೀವು ಕೇಳಬಹುದು. ಹಮಾಲರು ಉಣ್ಣುವ ಕಡೆ ರೊಟ್ಟಿ ಬಿಸಿ ಇರುತ್ತದೆ, ಒಲೆ ಆರುವುದಿಲ್ಲ. ಗುಮಾಸ್ತ ಆ ಬಿಸಿ ರೊಟ್ಟಿಗೆ ಬರುತ್ತಾನೆ.

ಬಡಿಸುವ ಹುಡುಗರಿಗೆ ಒಂದೇ ಕಟ್ಟಪ್ಪಣೆ. ತಾಟಿಗೆ ಎರಡು ರೊಟ್ಟಿ ಒಟ್ಟಿಗೆ ಹಾಕಬಾರದು. ಎರಡನೆಯದು ತಣ್ಣಗಾಗುತ್ತದೆ, ಅರ್ಧ ತಿಂದು ಬಿಡುತ್ತಾರೆ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಬರಬೇಕು. ಮುಂಚೆ ಬಂದರೆ ವ್ಯರ್ಥ, ತಡವಾದರೆ ಗಿರಾಕಿಗೆ ಸಿಟ್ಟು. ಅನ್ನವನ್ನು ಒಮ್ಮೆಗೇ ಮಾಡುತ್ತಿರಲಿಲ್ಲ, ಮೂರು ಸಲ ಸ್ವಲ್ಪ ಸ್ವಲ್ಪ. ಉಳಿದ ರೊಟ್ಟಿಯನ್ನು ಹಂಚಿನ ಮೇಲೆ ಒಣಗಿಸಿ ಕಟಕ ರೊಟ್ಟಿ ಮಾಡಬಹುದು, ತಿಂಗಳು ಇರುತ್ತದೆ. ಉಳಿದ ಅನ್ನಕ್ಕೆ ಆ ಭಾಗ್ಯ ಇಲ್ಲ.

ರಾತ್ರಿ ಗಲ್ಲೆ ಎಣಿಸುವ ಮೊದಲು ಕಾಕಾ ಹಿಂದಿನ ಬಾಗಿಲಿಗೆ ಹೋಗಿ ಮುಸುರೆ ಬಕೆಟ್ ನೋಡುತ್ತಿದ್ದರು. ದೀಪ ಹಿಡಿದು ನೋಡುತ್ತಿದ್ದರು, ತಮಾಷೆ ಅಲ್ಲ. ಬಕೆಟ್ಟಿನಲ್ಲಿ ಕಾಳು ಪಲ್ಯ ಜಾಸ್ತಿ ಕಂಡರೆ ಉಪ್ಪು ಹೆಚ್ಚಾಗಿದೆ. ಬದನೆಯ ತೊಟ್ಟಿನ ಜೊತೆ ಹೋಳೂ ಕಂಡರೆ ಕಾಯಿ ಬಲಿತಿದೆ. ರೊಟ್ಟಿ ಚೂರು ಕಂಡರೆ ಬಡಿಸುವ ಹುಡುಗನಿಗೆ ಬೈಗುಳ. ಗಿರಾಕಿ ಬಾಯಿಬಿಟ್ಟು ಹೇಳದ್ದನ್ನು ಬಕೆಟ್ ಹೇಳುತ್ತಿತ್ತು. ಆ ಬಕೆಟ್ ಎಮ್ಮೆ ಕಟ್ಟಿದ ಗೌಳಿಯ ಮನೆಗೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಮೊಸರಿನ ರೇಟಿನಲ್ಲಿ ಸೋಡಿ. ಅಂದರೆ ನಾವು ಬಿಟ್ಟದ್ದೇ ಮೊಸರಾಗಿ ತಾಟಿಗೆ ಬರುತ್ತಿತ್ತು. ಇದನ್ನು ತಿಳಿದ ಮೇಲೆ ಒಂದು ವಾರ ನನಗೆ ಮೊಸರು ಸೇರಲಿಲ್ಲ. ಆಮೇಲೆ ಸೇರಿತು.

ನನ್ನದೂ ಒಂದು ಕಳ್ಳತನ ಹೇಳಿಬಿಡುತ್ತೇನೆ. ರಾತ್ರಿ ಓದುವಾಗ ಹಸಿವಾಗುತ್ತದೆ ಅಂತ ಒಂದು ದಿನ ಎರಡು ಕಟಕ ರೊಟ್ಟಿ ಮುರಿದು ಕಿಸೆಗೆ ಹಾಕಿಕೊಂಡೆ. ಯಾರೂ ನೋಡಲಿಲ್ಲ ಅಂತ ನನ್ನ ಭಾವನೆ. ತಿಂಗಳ ಕೊನೆಗೆ ಖಾತೆ ಓದಿದರೆ, ಊಟದ ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಕಿಸೆ – 2’. ರೊಕ್ಕ ಹಿಡಿದಿರಲಿಲ್ಲ. ಬರೆದಿದ್ದರು, ಅಷ್ಟೇ.

ಆ ವಹಿಯ ಬಗ್ಗೆ ಹೇಳಬೇಕು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಹಳ್ಳಿಯ ಹುಡುಗರಿಗೆ ಸುಗ್ಗಿಯ ತನಕ ಉದ್ರಿ ಇತ್ತು. ಅಪ್ಪ ಜೋಳವೋ ಉಳ್ಳಾಗಡ್ಡಿಯೋ ಮಾರಿದ ಮೇಲೆ ಒಮ್ಮೆಗೇ ಕೊಡಬೇಕು. ಉಳ್ಳಾಗಡ್ಡಿ ಧಾರಣೆ ಬಿದ್ದ ವರ್ಷ ಕಾಕಾ ತಾನಾಗಿಯೇ ಮುಂದಿನ ಪುಟಕ್ಕೆ ಎಳೆದುಕೊಳ್ಳುತ್ತಿದ್ದರು. ಮಾರ್ಕೆಟ್ಟಿನ ಹಮಾಲರೇ ಅವರ ಗಿರಾಕಿಗಳು, ಧಾರಣೆ ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ಆದರೆ ಹೋಳಿಗೆ ಮಾಡಿದ ದಿನ ಉದ್ರಿ ಬಂದ್. ‘ಹಸಿವಿಗೆ ಉದ್ರಿ ಐತಿ, ಚಪಲಕ್ಕ ಇಲ್ಲ’ ಅಂತ ಖಡಾಖಂಡಿತ. ಚಿಲ್ಲರೆ ಎಣಿಸಿ ಕೊಟ್ಟೇ ಹೋಳಿಗೆ ತಿನ್ನಬೇಕು. ತುಪ್ಪ ಮಾತ್ರ ಕಾಕು ಕೈ ಬಿಟ್ಟು ಸುರಿಯುತ್ತಿದ್ದರು, ಕಾಕಾ ಆ ಕಡೆ ನೋಡುತ್ತಿರಲಿಲ್ಲ.

ಈಗ ಮುಳುಗಡೆಗೆ ಬರುತ್ತೇನೆ. ಬಾಗಲಕೋಟೆಯವನು ಮೈಕು ಹಿಡಿದರೆ ಇದಕ್ಕೆ ಬರದೆ ಇರುವುದಿಲ್ಲ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನಾನು ಊರಿಗೆ ಬಂದಾಗಲೇ ‘ಇವತ್ತು ನಾಳೆ ಮುಳುಗತೈತಿ’ ಎಂಬ ಮಾತು ಹಳೆಯದಾಗಿತ್ತು. ಮನೆ ರಿಪೇರಿ ಯಾರೂ ಮಾಡಿಸುತ್ತಿರಲಿಲ್ಲ. ಸುಣ್ಣ ಹಚ್ಚಲೂ ಮನಸ್ಸಿಲ್ಲ. 2000ದಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟೆಯ ನೀರಿನ ಮಟ್ಟ 519.6 ಮೀಟರಿಗೆ ಒಪ್ಪಿತು. ಕೃಷ್ಣೆಗೆ ಕಟ್ಟೆ ಕಟ್ಟಿದರೆ ಘಟಪ್ರಭೆ ಹಿಂದಕ್ಕೆ ಉಬ್ಬಿತು, ನೀರು ನಮ್ಮ ಓಣಿಯ ತನಕ ಬಂತು. 2010ರಲ್ಲಿ ಕೃಷ್ಣಾ ಜಲವಿವಾದದ ನ್ಯಾಯಮಂಡಳಿ 524.256 ಅಂದಿತು. ಅಷ್ಟು ನೀರು ಇನ್ನೂ ನಿಂತಿಲ್ಲ. ನಮ್ಮೂರಿನಲ್ಲಿ ಸ್ವಂತ ಮೊಬೈಲ್ ನಂಬರ್ ಮರೆತವರು ಸಿಗಬಹುದು, ಈ ಎರಡು ನಂಬರ್ ಮರೆತವರು ಸಿಗುವುದಿಲ್ಲ.

ಕಾಕಾನ ಕಟ್ಟಡ ಬಾಡಿಗೆಯದು. ಗೋಡೆಯ ಮಾಲಕರಿಗೆ ಪರಿಹಾರದ ಕಾಗದ ಬಂತು. ಕಾಕಾ ಒಂದು ಕಚೇರಿಗೆ ಹೋಗಿ ವಿಚಾರಿಸಿದರು. ಒಬ್ಬ ಸಾಹೇಬರು ‘ನಿಮ್ದೇನು ಮುಳುಗ್ತದ?’ ಅಂದರಂತೆ. ‘ನನ್ನ ಗಿರಾಕಿ ಮುಳಗತಾರ್ರಿ’ ಅಂತ ಹೇಳಿ ಬಂದರು. ಆಮೇಲೆ ಹೋಗಲಿಲ್ಲ.

ನಿಜ ಅಂದರೆ ಗಿರಾಕಿಗಳು ಮುಳುಗಲಿಲ್ಲ, ಚದುರಿದರು. ಹಳೇ ಊರಿನ ಒಂದು ಓಣಿಯಲ್ಲಿ ಎದುರುಬದುರು ಇದ್ದವರು, ಮುಳುಗಡೆಯವರಿಗೆ ಅಂತ ಕಟ್ಟಿದ ನವನಗರದ ಬೇರೆ ಬೇರೆ ಸೆಕ್ಟರಿಗೆ ಬಿದ್ದರು. ಕಿಲ್ಲಾ, ವೆಂಕಟಪೇಟೆ ಅಂತ ಹೆಸರಿದ್ದ ವಿಳಾಸಗಳು ನಂಬರ್ ಆದವು. ರಸ್ತೆ ಅಗಲ, ಗಿಡ ಸಣ್ಣವು, ಮನೆ ಹುಡುಕಿದರೆ ಸಿಗದು. ಈಗ ನಮ್ಮದು ಒಂದೂರಿನಲ್ಲಿ ಮೂರೂರು. ಹಳೇ ಊರು, ವಿದ್ಯಾಗಿರಿ, ನವನಗರ. ಹೋಳಿ ಹಬ್ಬಕ್ಕೆ ಹಲಗೆ ಬಡಿಯುವಾಗ, ಬಣ್ಣದ ಬಂಡಿ ಬರುವಾಗ ಎಲ್ಲರೂ ಹಳೇ ಊರಿಗೇ ಓಡುತ್ತೇವೆ. ಉಳಿದ ದಿನ ಟಂಟಂ ಹತ್ತಿ ಅವರವರ ಸೆಕ್ಟರಿಗೆ.

ಕಾಕಾ ನವನಗರದಲ್ಲಿ ಒಂದು ಶೆಡ್ಡು ಹಿಡಿದು ಒಲೆ ಹೂಡಿದರು. ಮೊದಲ ತಿಂಗಳು ನೊಣ ಹೊಡೆಯುವ ಕೆಲಸ. ಯಾರಿಗೂ ಜಾಗ ಗೊತ್ತಿಲ್ಲ. ಆಗ ಅವರು ಒಂದು ಕೆಲಸ ಮಾಡಿದರು. ಕೆಂಪು ವಹಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಸೆಕ್ಟರ್ ಸೆಕ್ಟರ್ ಸುತ್ತಿದರು. ಊರಿನ ಉಣ್ಣುವವರ ಪಟ್ಟಿ ಅಂತ ಇದ್ದದ್ದು ಅದೊಂದೇ ಅಲ್ವಾ? ಬಾಕಿ ಕೇಳಲು ಹೋಗಿರಲಿಲ್ಲ. ‘ಒಲಿ ಇಲ್ಲೆ ಹೂಡೇನಿ, ಬರ್ರಿ’ ಅಂತ ಹೇಳಲು ಹೋಗಿದ್ದರು. ಆದರೆ ಕಾಕಾ, ಸೈಕಲ್ಲು, ಕೆಂಪು ವಹಿ ಮೂರೂ ಒಟ್ಟಿಗೆ ಗೇಟಿನ ಮುಂದೆ ಕಂಡರೆ ಜನ ಏನು ತಿಳಿಯಬೇಕು? ಕೆಲವರು ಹೆಂಡತಿಯ ಕಡೆಯಿಂದ ‘ಮನ್ಯಾಗ ಇಲ್ರಿ’ ಅನಿಸಿದರು. ಕೆಲವರು ಬಾಯಿ ತೆರೆಯುವ ಮೊದಲೇ ಐದು ವರ್ಷದ ಹಿಂದಿನ ಬಾಕಿ ತಂದು ಕೈಗಿಟ್ಟರು. ಕಾಕಾ ನನ್ನ ಹತ್ತಿರ ಹೇಳಿದ್ದು: ‘ಕರಿಯಾಕ ಹ್ವಾದೆ, ವಸೂಲಿ ಆತು. ಆ ರೊಕ್ಕದಾಗ ತಗಡ ಹೊದಿಸಿದೆ.’

ಆ ಶೆಡ್ಡಿನಲ್ಲಿ ಹೊಸ ಗಿರಾಕಿಗಳು ಎಣ್ಣೆಗಾಯಿ ಹೊಗಳಿದರೆ ಕಾಕಾ ಒಂದೇ ಮಾತು ಆಡುತ್ತಿದ್ದರು. ‘ನಮ್ಮೂರಾಗ ಎರಡು ಫೇಮಸ್ರಿ. ಒಂದು ಮುಳಗಾಯಿ, ಇನ್ನೊಂದು ಮುಳಗಡಿ.’ ಬದನೆಕಾಯಿಗೆ ನಾವು ಮುಳಗಾಯಿ ಅನ್ನುತ್ತೇವೆ, ಹೊರಗಿನಿಂದ ಬಂದ ಆಫೀಸಿನವರಿಗೆ ಈ ಜೋಕು ಅರ್ಥ ಆಗುತ್ತಿರಲಿಲ್ಲ. ನಮಗೆ ಆಗುತ್ತಿತ್ತು. ನಗು ಬರುತ್ತಿತ್ತು, ಪೂರ್ತಿ ಅಲ್ಲ. ಹೊಳೆದಂಡೆಯ ಆ ಹೊಲಗಳ ಮುಳಗಾಯಿ ಮತ್ತೆ ಬರಲಿಲ್ಲ. ಎಳೆಯದಾಗಿ, ಮುಷ್ಟಿಗಿಂತ ಸಣ್ಣದಾಗಿ, ನಾಲ್ಕು ಸೀಳಿದರೂ ತೊಟ್ಟಿಗೆ ಅಂಟಿಕೊಂಡಿರುತ್ತಿತ್ತು. ಶೇಂಗಾ ಪುಡಿ, ಗುರೆಳ್ಳು ಪುಡಿ, ಹುಣಸೆ, ಬೆಲ್ಲ, ಖಾರ ತುಂಬಿ ಸಣ್ಣ ಉರಿಯಲ್ಲಿ ಇಟ್ಟರೆ ಬೀಜ ಬಾಯಿಗೆ ಸಿಗುತ್ತಿರಲಿಲ್ಲ. ಈಗಿನದು ಮಾರ್ಕೆಟ್ಟಿನ ಕಾಯಿ. ಕೆಟ್ಟದ್ದಲ್ಲ. ಬಾದಾಮಿಯ ಬನಶಂಕರಿ ಗುಡಿಯ ಹತ್ತಿರ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರುತ್ತಾರೆ, ನೋಡಿದ್ದೀರಿ. ಹಳೆಯ ರುಚಿ ನೆನಪಾದಾಗ ನಾನು ಅಲ್ಲಿಗೆ ಹೋಗುತ್ತೇನೆ. ಕಾಕಾನಿಗೆ ಗೊತ್ತಿಲ್ಲ. ಇವತ್ತು ಗೊತ್ತಾಯಿತು.

ಈಗ ಗಲ್ಲೆಯ ಮೇಲೆ ಮಗ ಕೂರುತ್ತಾನೆ. ಫ್ಯಾನು, ಟೈಲ್ಸು, ಫೋನಿನಲ್ಲಿ ಸ್ಕ್ಯಾನ್ ಮಾಡಿ ರೊಕ್ಕ. ಎರಡು ರೊಟ್ಟಿ ತಾಟಿನೊಂದಿಗೆ, ಮೂರನೆಯದಕ್ಕೆ ಬೇರೆ ರೇಟು. ಹಳೇ ಗಿರಾಕಿಗಳು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಒಂದು ಕಾಲಕ್ಕೆ ಜೋಳ ಬಡವರ ಕಾಳು, ಅಕ್ಕಿ ಹಬ್ಬದ ಊಟ. ಈಗ ರೇಷನ್ನಿನಲ್ಲಿ ಅಕ್ಕಿ ಬರುತ್ತದೆ, ಒಳ್ಳೆ ಬಿಳಿಜೋಳ ದುಬಾರಿ. ನೀರಾವರಿ ಬಂದ ಕಡೆ ಮುಧೋಳ, ಜಮಖಂಡಿಯ ಸುತ್ತ ಕಬ್ಬು ನಿಂತಿದೆ. ಹಿಂಗಾರಿ ಜೋಳವನ್ನು ಬೇರುಸಹಿತ ಕೈಯಲ್ಲಿ ಕೀಳಬೇಕು, ಆಳು ಸಿಗುವುದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಅದಾದ ಮೇಲೆ ಪೇಟೆಯವರೂ ರೊಟ್ಟಿ ಕೇಳತೊಡಗಿದ್ದಾರೆ. ಬೇಡಿಕೆ ಮೇಲೆ, ಬೆಳೆ ಕೆಳಗೆ. ಮಗನ ಲೆಕ್ಕ ತಪ್ಪಿಲ್ಲ. ಎಂಟು ರೊಟ್ಟಿಯ ಹಮಾಲರೂ ಈಗ ಕಮ್ಮಿ.

ಇಷ್ಟು ಹೇಳಿ ನಾನು ಕುಳಿತೆ. ನಡೆಸುವವರು ಹಿಂದಿನ ಸಾಲಿನ ಕಡೆ ನೋಡಿ, ‘ಕಾಕಾ, ನೀವೂ ಎರಡು ಮಾತಾಡ್ರಿ’ ಅಂದರು. ಹೌದು, ಅವರು ಬಂದಿದ್ದರು. ಗೋಡೆಗೆ ಒರಗಿ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮೈಕು ತೆಗೆದುಕೊಳ್ಳಲಿಲ್ಲ.

‘ಎಂಟಲ್ರಿ, ಹತ್ತು ರೊಟ್ಟಿ’ ಅಂದರು. ಮಂದಿ ನಕ್ಕರು. ಅವರು ನಗಲಿಲ್ಲ. ನಡೆಸುವವರನ್ನೇ ಕೇಳಿದರು: ‘ಊಟ ಎಷ್ಟ ಮಂದೀಗೆ ಹೇಳೀರಿ?’

‘ಅರವತ್ತು ಮಂದಿಗೆ ಕಾಕಾ. ನಿಮ್ಮ ಮಗನಿಗೇ ಹೇಳೀವಿ.’

‘ಕುಂತವ್ರು ಎಂಬತ್ತಮೂರು ಅದಾರ’ ಅಂದರು ಕಾಕಾ. ಟೋಪಿ ಹಾಕಿಕೊಂಡು, ಚಪ್ಪಲಿ ಹುಡುಕಿ, ಹಿಂದೆ ಒಲೆ ಹೂಡಿದ್ದ ಕಡೆ ಹೊರಟರು.